ಮುಂಬಯಿಯ ಒಂದು ಸೌಧ, ಕನ್ನಡ ನಾಡಿನ ಒಂದು ವಿದ್ಯಾಮಂದಿರ

ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆಯಿಂದ ಮುಂಬಯಿಗೆ ಹೋಗುವ ನಮ್ಮವರು ಬಹುಮಟ್ಟಿಗೆ ಇಳಿಯುವುದು ಹಿರಿಯರು ಬೋರಿಬಂದರವೆಂದು ಕರೆಯುತ್ತಿದ್ದ ನಿಲ್ದಾಣದಲ್ಲಿ. ಇಂದು ಅದು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್. ಅದರ ಗುಮ್ಮಟವನ್ನು ತಲೆಯೆತ್ತಿ ನೋಡದವರಿಲ್ಲ. ಆದರೆ ಅಲ್ಲಿಂದ ಸ್ವಲ್ಪವೇ ನಡೆದರೆ ಸಿಗುವ ಹಜಾರಿಮಲ್ ಸೋಮಾನಿ ಮಾರ್ಗದಲ್ಲಿ, ಅದೇ ಕಾಲದ ಇನ್ನೊಂದು ಸೌಧವಿರುವುದನ್ನು ಬಲ್ಲವರು ವಿರಳ. ಅದೇ ಎಸ್‌ಪ್ಲನೇಡ್ ಹೌಸ್. ವಿಕ್ಟೋರಿಯಾ ರಾಣಿಯ ಆಳಿಕೆಯಲ್ಲಿ ಜಮ್‌ಷೇಟ್‌ಜಿ ಟಾಟಾ ಅವರು ತಮ್ಮ ಕುಟುಂಬಕ್ಕಾಗಿ ಕಟ್ಟಿಸಿದ ಮನೆ. ಅದರ ಕಥೆಯ ಒಂದು ಎಳೆಯು ಕನ್ನಡ ನಾಡಿಗೂ ಬಂದು ಸೇರುವುದರಿಂದ ವಾಚಕರಲ್ಲಿ ನಿವೇದಿಸುತ್ತಿದ್ದೇನೆ.

ಮುಂಬಯಿಯ ಕೋಟೆಯ ಹೊರಗೆ ಬಿಟ್ಟಿದ್ದ ವಿಶಾಲವಾದ ಬಯಲಿಗೆ ಎಸ್‌ಪ್ಲನೇಡ್ ಎಂದು ಹೆಸರಿತ್ತು. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರಿಯರರು ಕೋಟೆಯ ಗೋಡೆಗಳನ್ನು ಕೆಡವಿಸಿದರು. ನಗರವು ಹೊರಕ್ಕೆ ಹಬ್ಬಿತು. ಅಮೆರಿಕೆಯ ಅಂತರ್ಯುದ್ಧದಿಂದ ಹತ್ತಿಗೆ ಬೆಲೆಯೇರಿ ಮುಂಬಯಿಯಲ್ಲಿ ಹಣದ ಹೊಳೆ ಹರಿದಿದ್ದ ಕಾಲವದು. 1865ರಲ್ಲಿ ಯುದ್ಧವು ಮುಗಿಯಲು ಆ ಹೊಳೆ ಬತ್ತಿತು. ಅನೇಕ ಮನೆತನಗಳು ದಿವಾಳಿಯಾದುವು. ಟಾಟಾ ಕುಟುಂಬವೂ ಆಗ ಬಹಳವಾಗಿ ನಷ್ಟವನ್ನು ಅನುಭವಿಸಿತು.

1839ರಲ್ಲಿ ನವಸಾರಿಯಲ್ಲಿ ಜನಿಸಿದ ಜಮ್‌ಷೇಟ್‌ಜಿಯವರು ಆ ಪೆಟ್ಟಿನಿಂದ ಚೇತರಿಸಿಕೊಂಡು, 1877ರ ಜನವರಿ 1ರಂದು ನಾಗಪುರದಲ್ಲಿ ಎಂಪ್ರೆಸ್ ಗಿರಣಿಯನ್ನು ಆರಂಭಿಸಿದರು. ಹತ್ತು ವರ್ಷಗಳ ಬಳಿಕ, 1887ರಲ್ಲಿ, ಎಸ್‌ಪ್ಲನೇಡ್ ಹೌಸ್ ಪೂರ್ಣಗೊಂಡಿತು. ಸೋತು ಎದ್ದವನು ಕಟ್ಟಿದ ಮನೆಯದು. ದೋರಾಬ್‌ಜಿ, ರತನ್‌ಜಿ ಎಂಬ ಇಬ್ಬರು ಮಕ್ಕಳೂ ಕಲಾಪ್ರಿಯರು. ಅವರು ಸಂಗ್ರಹಿಸಿದ ಕಲಾವಸ್ತುಗಳು ಮುಂದೆ ಮುಂಬಯಿಯ ವಸ್ತುಸಂಗ್ರಹಾಲಯಕ್ಕೆ ಸೇರಿದುವು. 1898ರಲ್ಲಿ ದೋರಾಬ್‌ಜಿಯವರ ಕೈಹಿಡಿದು ಈ ಮನೆತನಕ್ಕೆ ಸೊಸೆಯಾಗಿ ಬಂದ ಮೆಹರ್‌ಬಾಯಿಯವರು, ಮೈಸೂರು ಸಂಸ್ಥಾನದ ವಿದ್ಯಾಧಿಕಾರಿಗಳಾಗಿದ್ದ ಹೋರ್ಮಸ್‌ಜಿ ಭಾಭಾ ಅವರ ಪುತ್ರಿ.

ಅದೇ ಕಾಲದಲ್ಲಿ ಜಮ್‌ಷೇಟ್‌ಜಿಯವರು ಇನ್ನೊಂದು ಮಂದಿರದ ಯೋಚನೆಯಲ್ಲಿದ್ದರು. ಭಾರತೀಯರು ಉನ್ನತ ವಿಜ್ಞಾನವನ್ನು ಸ್ವದೇಶದಲ್ಲಿಯೇ ಕಲಿಯಬೇಕೆಂಬುದು ಅವರ ಹಂಬಲ. ಅದಕ್ಕಾಗಿ ತಮ್ಮ ಆಸ್ತಿಯಲ್ಲಿ 14 ಕಟ್ಟಡಗಳನ್ನೂ 4 ಭೂಸ್ವತ್ತುಗಳನ್ನೂ ತೆಗೆದಿಟ್ಟರು. ಅವುಗಳ ಬೆಲೆ ಆಗಿನ 30 ಲಕ್ಷ ರೂಪಾಯಿ. 1898ರ ಕೊನೆಯ ದಿನ ಯೋಜನೆಯ ಕರಡು ಲಾರ್ಡ್ ಕರ್ಜನರ ಕೈ ಸೇರಿತಾದರೂ ಸರಕಾರದ ಒಪ್ಪಿಗೆ ಬೇಗನೆ ದೊರೆಯಲಿಲ್ಲ. 1904ರಲ್ಲಿ ಜಮ್‌ಷೇಟ್‌ಜಿಯವರು ಜರ್ಮನಿಯಲ್ಲಿ ತೀರಿಕೊಂಡರು. ಆಸ್ತಿಯನ್ನು ಉಳಿಸಿಕೊಳ್ಳೋಣವೆಂದು ಮಕ್ಕಳು ಹಿಂಜರಿಯಲಿಲ್ಲ. ತಂದೆಯ ಮಾತನ್ನು ನಡೆಸಿಕೊಟ್ಟರು. ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ 371 ಎಕರೆ ನೆಲವನ್ನು ಕೊಟ್ಟಿತು. 1909ರಲ್ಲಿ ಸಂಸ್ಥೆ ಸ್ಥಾಪಿತವಾಯಿತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದರ ಕಟ್ಟಡಕ್ಕೆ ಅಸ್ತಿಭಾರವಿಟ್ಟರು. ಅದೇ ಭಾರತೀಯ ವಿಜ್ಞಾನ ಸಂಸ್ಥೆ. ಬೆಂಗಳೂರಿನವರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್. ಮೆಹರ್‌ಬಾಯಿಯವರ ಸೋದರನ ಮಗ ಹೋಮಿ ಭಾಭಾ ಅವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿಯೇ ಸಂಶೋಧನೆ ನಡೆಸಿದರು.

ಎಸ್‌ಪ್ಲನೇಡ್ ಹೌಸಿನಲ್ಲಿ ಈಗ ಟಾಟಾ ಮನೆತನದ ವಾಸವಿಲ್ಲ. ಅದು ವಿದ್ಯಾರ್ಥಿವೇತನ ನೀಡುವ ಸೇಠನಾ ನಿಧಿಯ ನೆಲೆಯಾಗಿದೆ. ಹೀಗೆ ಸಿರಿವಂತರ ವಾಸದ ಮನೆಯೂ ಕೊನೆಗೆ ವಿದ್ಯೆಯ ಆಶ್ರಯಕ್ಕೇ ಬಂದಿತು!

ಇದನ್ನು ಬರೆಯುವಾಗ ನನ್ನ ತರಗತಿಯ ನೆನಪಾಗುತ್ತದೆ. ಗಡಿನಾಡಿನ ಕನ್ನಡ ಶಾಲೆಯಲ್ಲಿ ಪಾಠ ಹೇಳುವ ನಾನು, ವರುಷ ವರುಷಕ್ಕೂ ಒಂದೊಂದು ಬೆಂಚು ತೆರವಾಗುವುದನ್ನು ಕಾಣುತ್ತಿದ್ದೇನೆ. 30 ಲಕ್ಷದ ದಾನಿಗಳು ನಮ್ಮಲ್ಲಿ ಇರಲಾರರು. ಆದರೆ ಬರಿದಾಗಿ ಬೀಗ ಹಾಕಿರುವ ಪಡಸಾಲೆಗಳಿವೆ, ಓದಿ ಮುಗಿಸಿದ ಪುಸ್ತಕಗಳಿವೆ, ಸಂಜೆಯ ಬಿಡುವಿದೆ. ಒಂದು ಪಡಸಾಲೆಯಲ್ಲಿ ಹತ್ತು ಮಕ್ಕಳು ಕುಳಿತು ಕನ್ನಡ ಓದಿದರೆ ಅದೂ ವಿದ್ಯಾಮಂದಿರವೇ. ಸಂಘದ ವಾರ್ಷಿಕೋತ್ಸವದ ಈ ಶುಭದಿನದಂದು ನಮ್ಮ ಮನೆಗಳ ಬಾಗಿಲನ್ನು ಅಷ್ಟು ಮಟ್ಟಿಗಾದರೂ ತೆರೆಯೋಣ.