ಡಿಜಿಟಲ್ ಅರೆಸ್ಟ್: ಫೋನಿನಲ್ಲೇ ಬಂಧಿಸುವ ಪೊಲೀಸರು ಇದ್ದಾರೆಯೇ?

"ನಿಮ್ಮ ನಂಬರಿನ ಮೇಲೆ ದೂರುಗಳಿವೆ. ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕಾಲ್ ಕಟ್ ಮಾಡಬೇಡಿ." ಕೊಟ್ಟೂರಿನ ನಿಮ್ಮ ಮನೆಗೂ ಇಂಥ ಕರೆ ಬರಬಹುದು.

ನಿಜಾಂಶವೇನು?
ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ಬಂಧಿಸಿದ ಪೊಲೀಸರು ಕಾರಣ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ವಿಡಿಯೋ ಕಾಲ್‌ನಲ್ಲಿ ವಿಚಾರಣೆ ನಡೆಸಿ ಹಣ ಕೇಳುವುದಿಲ್ಲ.

2024ರ ಅಕ್ಟೋಬರ್ 27ರ 'ಮನ್ ಕೀ ಬಾತ್'ನಲ್ಲಿ ಪ್ರಧಾನಿ ಇಂಥದ್ದೇ ಒಂದು ಕರೆಯ ರೆಕಾರ್ಡಿಂಗ್ ಕೇಳಿಸಿದರು. ಅದು ನಮ್ಮ ವಿಜಯಪುರದವರಿಗೆ ಬಂದಿದ್ದ ಕರೆ.

ಗುರುತಿಸುವುದು ಹೇಗೆ?
• ಪೊಲೀಸ್, ಸಿಬಿಐ, ಟ್ರಾಯ್ ಅಥವಾ ಬ್ಯಾಂಕ್ ಹೆಸರು ಹೇಳಿ ಹೆದರಿಸುತ್ತಾರೆ. ನಿಮ್ಮ ಹೆಸರು, ಆಧಾರ್ ವಿವರ ಹೇಳಿದರೂ ನಂಬಬೇಡಿ.
• "ಮನೆಯವರಿಗೆ ಹೇಳಬೇಡಿ" ಎನ್ನುತ್ತಾರೆ. ಮೋಸದ ದೊಡ್ಡ ಗುರುತೇ ಇದು.
• "ಪರಿಶೀಲಿಸಿ ವಾಪಸ್ ಕೊಡುತ್ತೇವೆ" ಎಂದು ಹಣ ಹಾಕಿಸಿಕೊಳ್ಳುತ್ತಾರೆ.

ಏನು ಮಾಡಬೇಕು?
ಕಾಲ್ ಕಟ್ ಮಾಡಿ. ಒಟಿಪಿ ಹೇಳಬೇಡಿ. ಮನೆಯವರಿಗೆ ತಿಳಿಸಿ, ಅನುಮಾನವಿದ್ದರೆ ನಿಮ್ಮೂರಿನ ಠಾಣೆಗೇ ಹೋಗಿ ವಿಚಾರಿಸಿ. ಹಣ ಹೋಗಿದ್ದರೆ ನಾಚಿಕೊಂಡು ಸುಮ್ಮನಿರದೆ ತಕ್ಷಣ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ಸಾಗುವ ಮೊದಲೇ ತಡೆಹಿಡಿಯುವ ಸಾಧ್ಯತೆ ಇರುತ್ತದೆ.

ಇದನ್ನು ಫಾರ್ವರ್ಡ್ ಮಾಡಿದರಷ್ಟೇ ಸಾಲದು, ಮನೆಯ ಹಿರಿಯರಿಗೆ ಓದಿ ಹೇಳಿ.