ಜೀರ್ಣೋದ್ಧಾರ ಮಾಡಿಸಿದವನು

ಕಲ್ಲು ಸಿಗದ ನಾಡಿನಲ್ಲಿ ದೇವರಿಗೊಂದು ಬೆಟ್ಟ ಕಟ್ಟಬೇಕೆಂದರೆ ಏನು ಮಾಡಬೇಕು? ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ಬಯಲಿನಲ್ಲಿ, ಇಂದಿನ ಇರಾಕಿನ ದಕ್ಷಿಣ ಭಾಗದಲ್ಲಿ ಬಾಳಿದ ಸುಮೇರಿಯನ್ನರಿಗೆ ಎದುರಾದ ಪ್ರಶ್ನೆ ಇದು. ಅಲ್ಲಿ ಕಲ್ಲಿಲ್ಲ, ಒಳ್ಳೆಯ ಮರವೂ ಇಲ್ಲ. ಇದ್ದದ್ದು ಹೊಳೆಯ ಮಣ್ಣು ಮತ್ತು ಜೊಂಡು. ಅವರು ಆ ಮಣ್ಣನ್ನೇ ಇಟ್ಟಿಗೆ ಮಾಡಿ, ದೊಡ್ಡ ಜಗಲಿಯ ಮೇಲೆ ಸಣ್ಣ ಜಗಲಿ, ಅದರ ಮೇಲೆ ಇನ್ನೂ ಸಣ್ಣದು ಎಂದು ಏರಿಸುತ್ತ ಹೋದರು. ತುದಿಯಲ್ಲಿ ಗುಡಿ. ಇವೇ ಜಿಗ್ಗುರಾತ್‌ಗಳು.

ಈ ಪಾಠ ಮಾಡುವಾಗ ಮಕ್ಕಳು ಮೊದಲು ಕೇಳುವುದು ಅದರ ಒಳಗೆ ಏನಿತ್ತು ಎಂದು. ಪಿರಮಿಡ್ಡುಗಳ ವಿಷಯ ಕೇಳಿ ಬಂದವರು; ಸಮಾಧಿಯೋ ನಿಧಿಯೋ ಇರಲೇಬೇಕೆಂದು ಅವರ ಆಸೆ. ಒಳಗೆಲ್ಲ ಬರೀ ಮಣ್ಣು ಎಂದರೆ ಮುಖ ಸಪ್ಪಗಾಗುತ್ತದೆ. ನನಗಾದರೋ ಆ ಮಣ್ಣಿನ ಕತೆಯೇ ದೊಡ್ಡದೆನಿಸುತ್ತದೆ.

ಉಳಿದಿರುವ ಜಿಗ್ಗುರಾತ್‌ಗಳಲ್ಲಿ ಹೆಸರಾದದ್ದು ಊರ್ ಎಂಬ ನಗರದ್ದು. ಈ ಹೆಸರನ್ನು ನಮ್ಮ ‘ಊರು’ ಪದಕ್ಕೆ ಗಂಟು ಹಾಕುವ ಉತ್ಸಾಹಿಗಳಿದ್ದಾರೆ. ನಾನು ಆ ಗೋಜಿಗೆ ಹೋಗುವುದಿಲ್ಲ. ಕ್ರಿ.ಪೂ. 2100ರ ಸುಮಾರಿಗೆ ಉರ್-ನಮ್ಮು ಎಂಬ ರಾಜ ಚಂದ್ರದೇವ ನನ್ನನಿಗಾಗಿ ಇದನ್ನು ಆರಂಭಿಸಿದ. ಮಗ ಶುಲ್ಗಿ ಮುಂದುವರಿಸಿದ. ತಳದ ಉದ್ದ ಸುಮಾರು 64 ಮೀಟರ್, ಅಗಲ 45 ಮೀಟರ್. ಒಳಗಿನ ತಿರುಳು ಬಿಸಿಲಿಗೆ ಒಣಗಿಸಿದ ಹಸಿ ಇಟ್ಟಿಗೆ. ಅದರ ಸುತ್ತ ಎರಡೂವರೆ ಮೀಟರಿನಷ್ಟು ದಪ್ಪಕ್ಕೆ ಸುಟ್ಟ ಇಟ್ಟಿಗೆಯ ಕವಚ. ನಡುವೆ ಗಾರೆಯ ಬದಲು ಡಾಂಬರಿನಂಥ ಕಪ್ಪು ಅಂಟು. ಒಳಗಿನ ತೇವ ಹೊರಹೋಗಲು ಗೋಡೆಯ ತುಂಬ ಸಣ್ಣ ಸಣ್ಣ ಕಿಂಡಿಗಳು. ಮಣ್ಣಿಗೆ ಶತ್ರು ನೀರು ಎಂಬುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು.

ಅದು ನಮ್ಮ ಮನೆಯ ಹೆಂಗಸರಿಗೂ ಗೊತ್ತಿತ್ತು. ನಾನು ಹುಟ್ಟಿದ್ದು ಮಣ್ಣಿನ ಗೋಡೆಯ ಮನೆಯಲ್ಲಿ. ಮಳೆಗಾಲಕ್ಕೆ ಮೊದಲು ಅಜ್ಜಿಯೂ ಅಮ್ಮನೂ ಸೆರಗು ಸಿಕ್ಕಿಸಿಕೊಂಡು ಮಣ್ಣು ಕಲಸಿ ಗೋಡೆಯ ಬಿರುಕುಗಳಿಗೆ ಮೆತ್ತುತ್ತಿದ್ದರು. ಆಮೇಲೆ ಸಗಣಿಯ ಸಾರಣೆ. ಒಂದು ವರ್ಷ ಬಿಟ್ಟರೆ ಗೋಡೆ ಕರಗುತ್ತಿತ್ತು. ಆದರೂ ಯಾರನ್ನು ಕೇಳಿದರೂ ಅದು ತಾತ ಕಟ್ಟಿಸಿದ ಮನೆ ಎಂದೇ ಹೇಳುತ್ತಿದ್ದರು. ನಲವತ್ತು ವರ್ಷ ಅದನ್ನು ನಿಲ್ಲಿಸಿದ ಕೈಗಳ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಊರ್‌ನ ಜಿಗ್ಗುರಾತ್ ಕೂಡ ಹೀಗೆಯೇ ಶಿಥಿಲವಾಯಿತು. ಕಟ್ಟಿ ಸಾವಿರದ ಐನೂರು ವರ್ಷಗಳಾದ ಮೇಲೆ ಬ್ಯಾಬಿಲೋನಿನ ರಾಜ ನಬೊನಿಡಸ್ (ಕ್ರಿ.ಪೂ. 556–539) ಅದನ್ನು ಹಳೆಯ ತಳಪಾಯದ ಮೇಲೆಯೇ ಎತ್ತಿ ನಿಲ್ಲಿಸಿದ. ನಮ್ಮ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದು ದತ್ತಿ ಬಿಡುವುದನ್ನು ಓದುತ್ತೇವಲ್ಲ, ಅದೇ ಕೆಲಸ. ಮಾಡಿದ್ದನ್ನು ಮಣ್ಣಿನ ಉರುಳೆಗಳ ಮೇಲೆ ಬರೆಸಿ ಕಟ್ಟಡದ ಮೂಲೆಗಳಲ್ಲಿ ಹುದುಗಿಸಿದ. ಅದರಲ್ಲಿ ಉರ್-ನಮ್ಮು, ಶುಲ್ಗಿ ಇಬ್ಬರ ಹೆಸರನ್ನೂ ಹೇಳಿ, ಕೊನೆಯಲ್ಲಿ ತನ್ನ ಹಿರಿಯ ಮಗ ಬೆಲ್ಶಜ್ಜರನಿಗಾಗಿ ಪ್ರಾರ್ಥಿಸಿದ್ದಾನೆ. ಆ ಮಗ ಪಟ್ಟವೇರಲಿಲ್ಲ. ಕ್ರಿ.ಪೂ. 539ರಲ್ಲಿ ಪರ್ಷಿಯಾದ ಸೈರಸ್ ಬ್ಯಾಬಿಲೋನನ್ನು ಗೆದ್ದ. ನಬೊನಿಡಸನೇ ಅಲ್ಲಿನ ಕೊನೆಯ ಸ್ವದೇಶಿ ದೊರೆ.

ಮುಂದೆ ನದಿ ದೂರ ಸರಿಯಿತು, ಜನ ಊರು ಬಿಟ್ಟರು, ಮರಳು ಮುಚ್ಚಿತು. ದಿಬ್ಬದ ಹೆಸರೂ ಮರೆತುಹೋಯಿತು. 1854ರಲ್ಲಿ ಜೆ.ಇ. ಟೇಲರ್ ಎಂಬ ಆಂಗ್ಲ ಅಧಿಕಾರಿ ಅದರ ಮೂಲೆಗಳನ್ನು ಅಗೆದಾಗ ಆ ಉರುಳೆಗಳು ಸಿಕ್ಕವು. ಇದು ಊರ್ ಎಂದು ಜಗತ್ತಿಗೆ ಗೊತ್ತಾಗಲು ಆ ಬರಹಗಳೇ ದಾರಿಯಾದವು. ಲಿಯೊನಾರ್ಡ್ ವೂಲಿ ಅಲ್ಲಿ ವಿಸ್ತಾರವಾದ ಉತ್ಖನನ ನಡೆಸಿದ್ದು ಆಮೇಲೆ, 1922ರಿಂದ 1934ರವರೆಗೆ.

ಇದಕ್ಕಿಂತ ದೊಡ್ಡದು ಬ್ಯಾಬಿಲೋನಿನ ಎಟೆಮೆನಂಕಿ. ಬುಡ ಒಂದೊಂದು ಬದಿಗೆ ಸುಮಾರು 91 ಮೀಟರ್. ಅದು ಹಾಳಾದಾಗ ಅಲೆಕ್ಸಾಂಡರ್ ಮತ್ತೆ ಕಟ್ಟಿಸಬೇಕೆಂದು ಅವಶೇಷಗಳನ್ನು ತೆಗೆಸಿಹಾಕಿದ. ಕ್ರಿ.ಪೂ. 323ರಲ್ಲಿ ಅವನೇ ತೀರಿಕೊಂಡ. ದುರಸ್ತಿಗೆಂದು ಬಿಚ್ಚಿದ್ದು ಹಾಗೆಯೇ ಉಳಿಯಿತು. ಅಳಿದುಳಿದ ಸುಟ್ಟ ಇಟ್ಟಿಗೆಗಳನ್ನು ಸುತ್ತಲಿನ ಜನ ಮನೆಗಳಿಗೆ ಒಯ್ದರು. ಒಳ್ಳೆಯ ಇಟ್ಟಿಗೆಯನ್ನು ಯಾರು ತಾನೆ ಬಿಟ್ಟಾರು? ಈಗ ಅಲ್ಲಿರುವುದು ನೀರು ನಿಲ್ಲುವ ಒಂದು ಚೌಕಾಕಾರದ ಹಳ್ಳ.

ಊರ್‌ನದು ಮಾತ್ರ ಕೆಳಗಿನ ಅಂತಸ್ತಿನಷ್ಟಾದರೂ ನಿಂತಿದೆ. ಕಳೆದ ಶತಮಾನದಲ್ಲಿ ಇರಾಕ್ ಸರ್ಕಾರ ಅದರ ಹೊರಗೋಡೆಯನ್ನೂ ಮೆಟ್ಟಿಲುಗಳನ್ನೂ ಮತ್ತೆ ಕಟ್ಟಿಸಿತು. 1991ರ ಯುದ್ಧದಲ್ಲಿ ಗೋಡೆಗೆ ಗುಂಡುಗಳು ಬಡಿದವು. 2016ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಪರೀಕ್ಷೆಯಲ್ಲಿ ಬರುವ ಪ್ರಶ್ನೆ ‘ಕಟ್ಟಿಸಿದವರು ಯಾರು?’ ಎಂದೇ. ಮಕ್ಕಳು ಉರ್-ನಮ್ಮು ಎಂದೇ ಬರೆಯಲಿ, ಅವರ ಅಂಕ ಅವರಿಗೆ ಸಿಗಲಿ. ಆದರೆ ಕಪ್ಪುಹಲಗೆಯ ಮೇಲೆ ಆ ಹೆಸರಿನ ಕೆಳಗೆ ನಾನು ನಬೊನಿಡಸನ ಹೆಸರನ್ನೂ ಬರೆಯುತ್ತೇನೆ. ಸುಮೇರಿಯನ್ನರ ಗುಡಿಗೆ ಬ್ಯಾಬಿಲೋನಿನವನೇಕೆ ಬಂದ ಎಂದು ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಅಂದಿನ ಪಾಠ ಅಲ್ಲಿಂದ ಶುರುವಾಗುತ್ತದೆ.