‘ಡೆಕ್ಕೊ’: ಇಂಗ್ಲಿಷ್ ನಿಘಂಟು ಸೇರಿದ ನಮ್ಮ ‘ದೇಖೋ’

ಆಳಂದ ತಾಲ್ಲೂಕಿನ ನರೋಣಾ ಭಾಗದವರಿಗೆ ಕನ್ನಡದ ‘ನೋಡ್ರಿ’, ದಖನಿ ಉರ್ದುವಿನ ‘ದೇಖೋ’ ಹಾಗೂ ಗಡಿಯಾಚೆಯ ಮರಾಠಿಯ ‘ಬಘಾ’ ಮೂರೂ ತಿಳಿಯುವ ಮಾತುಗಳೇ. ಈ ಮೂರರಲ್ಲಿ ‘ದೇಖೋ’ ಎಂಬುದು ಸಮುದ್ರ ದಾಟಿ ಇಂಗ್ಲಿಷ್ ನಿಘಂಟನ್ನು ಸೇರಿದೆ. ಅಲ್ಲಿ ಅದರ ರೂಪ ‘ಡೆಕ್ಕೊ’.

ಅರ್ಥ ಮತ್ತು ಬಳಕೆ

‘ಡೆಕ್ಕೊ’ ಎಂದರೆ ಒಂದು ನೋಟ, ಬೇಗನೆ ಕಣ್ಣು ಹಾಯಿಸುವಿಕೆ. ಇಂಗ್ಲಿಷಿನಲ್ಲಿ ಇದು ಮುಖ್ಯವಾಗಿ ನಾಮಪದ. ‘ಹ್ಯಾವ್ ಎ ಡೆಕ್ಕೊ’ ಅಥವಾ ‘ಟೇಕ್ ಎ ಡೆಕ್ಕೊ’ ಎಂದರೆ ‘ಒಮ್ಮೆ ನೋಡು’ ಎಂದರ್ಥ. ಇದು ಸಲುಗೆಯ ಆಡುಮಾತಾದುದರಿಂದ ಅರ್ಜಿ, ವರದಿ, ಶಾಸ್ತ್ರಗ್ರಂಥಗಳಿಗೆ ಹೊಂದುವುದಿಲ್ಲ. ಬ್ರಿಟನ್ನಿನಲ್ಲಿ ಇದು ಈಗ ಹಳೆಯ ಕಾಲದ ಮಾತೆನಿಸಿದೆ. ಭಾರತದ ಇಂಗ್ಲಿಷ್ ಪತ್ರಿಕೆಗಳಲ್ಲಿ ಮಾತ್ರ ಆಗಾಗ ಕಣ್ಣಿಗೆ ಬೀಳುತ್ತದೆ.

ದಂಡಿನಿಂದ ಮನೆಗೆ

ಈ ಪದವನ್ನು ಒಯ್ದವರು ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರು. 1806ರಲ್ಲಿ ಸಿಕಂದರಾಬಾದ್, 1809ರಲ್ಲಿ ಬೆಂಗಳೂರು ದಂಡುಪ್ರದೇಶಗಳು ಸ್ಥಾಪನೆಯಾದವು. ದಂಡಿನಲ್ಲಿ ಸಿಪಾಯಿ, ಸೇವಕ, ವ್ಯಾಪಾರಿಗಳೊಡನೆ ವ್ಯವಹರಿಸಲು ಗೋರಾ ಸೈನಿಕರು ಹಿಂದೂಸ್ತಾನಿಯ ನಾಲ್ಕಾರು ಮಾತುಗಳನ್ನು ಕಲಿಯುತ್ತಿದ್ದರು. ‘ದೇಖ್ನಾ’ ಎಂಬ ಕ್ರಿಯಾಪದದ ವಿಧಿರೂಪವಾದ ‘ದೇಖೋ’ ಅವುಗಳಲ್ಲೊಂದು. ಇಂಗ್ಲಿಷ್ ಬರವಣಿಗೆಯಲ್ಲಿ ‘ಡೆಕ್ಕೊ’ ಕಾಣಿಸಿಕೊಂಡದ್ದು 19ನೆಯ ಶತಮಾನದ ಕೊನೆಯ ದಶಕದಲ್ಲಿ. ‘ವಿಲಾಯತಿ’ಯಿಂದ ಹುಟ್ಟಿದ ‘ಬ್ಲೈಟಿ’ ಎಂಬ ಪದವೂ ಇದೇ ಸೈನಿಕರ ಮಾತಿನೊಡನೆ ಇಂಗ್ಲೆಂಡಿಗೆ ಹೋಯಿತು.

ಆಜ್ಞೆಯ ಗುರುತು

ಇಲ್ಲೊಂದು ಸಂಗತಿ ಗಮನಾರ್ಹ. ಇಂಗ್ಲಿಷಿಗೆ ಹೋದದ್ದು ‘ದೇಖ್ನಾ’ ಅಲ್ಲ, ‘ದೇಖೋ’. ಅಂದರೆ ‘ನೋಡುವುದು’ ಎಂಬ ಮಾತಲ್ಲ, ‘ನೋಡು’ ಎಂಬ ಆಜ್ಞೆ. ‘ಶಾಂಪೂ’ ಪದದ ಮೂಲವೂ ಹೀಗೆಯೇ, ‘ಒತ್ತು, ತಿಕ್ಕು’ ಎಂಬ ಅರ್ಥದ ‘ಚಾಂಪೋ’ ಎಂಬ ವಿಧಿರೂಪ. ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್ ಅವರು ರಚಿಸಿದ, 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ಎಂಬ ಆಂಗ್ಲೋ-ಇಂಡಿಯನ್ ಪದಕೋಶವು ಈ ಪ್ರವೃತ್ತಿಯನ್ನು ಗುರುತಿಸಿದೆ. ಅಪ್ಪಣೆ ಕೊಡುವವನಿಗೆ ವ್ಯಾಕರಣದ ಉಳಿದ ರೂಪಗಳ ಅಗತ್ಯ ಕಡಿಮೆ. ಶಿಷ್ಟ ಹಿಂದಿ-ಉರ್ದುವಿನಲ್ಲಿ ಗೌರವದಿಂದ ಹೇಳಲು ‘ದೇಖಿಯೇ’ ಎಂಬ ರೂಪವಿದೆ. ನಮ್ಮಲ್ಲಿ ‘ನೋಡು’ ಬೇರೆ, ‘ನೋಡ್ರಿ’ ಬೇರೆ ಎಂಬಂತೆ. ಆ ಗೌರವರೂಪ ಮಾತ್ರ ಹಡಗು ಹತ್ತಲಿಲ್ಲ. ಯಾರು ಯಾರೊಡನೆ ಹೇಗೆ ಮಾತನಾಡುತ್ತಿದ್ದರು ಎಂಬುದನ್ನು ಈ ಪುಟ್ಟ ಪದ ಇಂದಿಗೂ ಸಾರುತ್ತಿದೆ.

ಪದದ ಪ್ರಾಚೀನತೆ

‘ದೇಖ್’ ಧಾತುವಿಗೆ ಎರಡು ಸಾವಿರ ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆ. ಕ್ರಿ.ಪೂ. 3ನೆಯ ಶತಮಾನದ ಅಶೋಕನ ಮೂರನೆಯ ಸ್ತಂಭಶಾಸನದಲ್ಲಿ ‘ದೇಖತಿ’, ಎಂದರೆ ‘ನೋಡುತ್ತಾನೆ’, ಎಂಬ ಪ್ರಾಕೃತ ರೂಪವಿದೆ. ಮನುಷ್ಯನು ತಾನು ಮಾಡಿದ ಒಳಿತನ್ನಷ್ಟೇ ನೋಡುತ್ತಾನೆ, ಕೆಡುಕನ್ನು ನೋಡುವುದಿಲ್ಲ ಎಂಬುದು ಅಲ್ಲಿನ ಆಶಯ. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ಅಶೋಕನ ಪ್ರಾಕೃತ ಶಾಸನಗಳು ದೊರೆತಿರುವುದರಿಂದ ಈ ಭಾಷಾಪರಂಪರೆ ನಮಗೆ ದೂರದ್ದಲ್ಲ. ಶತಮಾನಗಳ ಹಿಂದೆ ಭಾರತದಿಂದ ಪಶ್ಚಿಮಕ್ಕೆ ವಲಸೆ ಹೋದ ರೋಮಾ ಜನರ ಭಾಷೆಯಲ್ಲಿ ಇದೇ ಪದ ‘ದಿಖ್’ ಎಂದು ಉಳಿದಿದೆ. ಅವರಿಂದಲೇ ಉತ್ತರ ಇಂಗ್ಲೆಂಡಿನ ಆಡುಮಾತಿಗೆ ‘ಡೀಕ್’, ಎಂದರೆ ‘ನೋಡು’, ಎಂಬ ಪದ ಬಂದಿತು. ಹೀಗೆ ಒಂದೇ ಪದ ಎರಡು ದಾರಿಗಳಲ್ಲಿ ಆ ನಾಡನ್ನು ತಲುಪಿದಂತಾಯಿತು. ಕನ್ನಡದ ‘ನೋಡು’, ‘ಕಾಣು’ಗಳಾದರೋ ದ್ರಾವಿಡ ಮೂಲದವು, ಅವಕ್ಕೂ ‘ದೇಖ್’ಗೂ ಸಂಬಂಧವಿಲ್ಲ.

ಕನ್ನಡಕ್ಕೆ ಬಂದ ಬಗೆ

ಹಾಗೆಂದು ಈ ಧಾತು ಕನ್ನಡವನ್ನು ಮುಟ್ಟದೆ ಹೋಗಲಿಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಭಾಗದಲ್ಲಿ ಉರ್ದು ಕಚೇರಿಯ ಭಾಷೆಯಾಗಿತ್ತು. ಮರಾಠಿಯ ನೆರೆಯೂ ಇತ್ತು. ಉತ್ತರ ಕರ್ನಾಟಕದ ಕನ್ನಡದಲ್ಲಿ ಬಳಕೆಯಲ್ಲಿರುವ ‘ದೇಖರೇಖಿ’ ಇದೇ ಧಾತುವಿನ ಪದ. ಹೊಲದ ದೇಖರೇಖಿ, ಮನೆಯ ದೇಖರೇಖಿ ಎನ್ನುವಾಗ ಬರಿಯ ನೋಟವಲ್ಲ, ಕಾಳಜಿಯಿಂದ ನೋಡಿಕೊಳ್ಳುವುದು ಎಂಬ ಅರ್ಥ ಮೂಡುತ್ತದೆ.

ಒಂದೇ ಧಾತುವಿನಿಂದ ಇಂಗ್ಲಿಷ್ ಪಡೆದದ್ದು ಕ್ಷಣಮಾತ್ರದ ನೋಟವನ್ನು. ಕನ್ನಡ ಪಡೆದದ್ದು ಹೊಣೆಗಾರಿಕೆಯನ್ನು. ಆಜ್ಞೆ ಕೊಟ್ಟು ಹೋದವರಿಗೂ ಜೊತೆಯಲ್ಲಿ ಬಾಳಿದವರಿಗೂ ಇರುವ ಅಂತರ ಈ ಎರಡು ಪದಗಳಲ್ಲಿ ಅಡಗಿದೆ.